ತೊಲೆಯ ಮೇಲೆ ‘ಪರಾಭವ’ ಅಂತ ಉಂಟು. ಯಾವ ಪರಾಭವ?

ಹಂಚಿನಮನೆ · ಶನಿವಾರ, ರಾತ್ರಿ 9:12

ಬಾರ್ಕೂರಿನ ಹತ್ತಿರ ನಮ್ಮ ಅಮ್ಮನ ಕಡೆಯ ಹಳೇ ಮನೆ ಉಂಟು. ಕಳೆದ ಮಳೆಗಾಲದಲ್ಲಿ ಚಾವಡಿಯ ಮಾಡು ಸೋರಿ ಗೋಡೆಯೆಲ್ಲ ಹಸಿ. ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ರಿಪೇರಿ ಮುಗಿಸಬೇಕು ಅಂತ ಹೋದ ವಾರ ಹಂಚು ಇಳಿಸಲು ಶುರು ಮಾಡಿದೆವು. ನಡುವಿನ ತೊಲೆಯ ಮಸಿ ಒರೆಸಿದಾಗ ಕೆತ್ತಿದ ಅಕ್ಷರ ಕಾಣಿಸಿತು. ‘ಪರಾಭವ ಸಂ|| ವೈಶಾಖ ಶು||’ ಅಂತ ಇದೆ. ಅದರ ಮುಂದೆ ಒಂದು ಗೇಣಿನಷ್ಟು ಗೆದ್ದಲು ತಿಂದಿದೆ. ಬೆರಳು ಇಟ್ಟರೆ ಹುಡಿ ಉದುರುತ್ತದೆ.

ಈ ಸಲದ ಯುಗಾದಿಗೆ ಶುರುವಾದದ್ದೂ ಪರಾಭವ ಸಂವತ್ಸರವೇ ಅಲ್ವಾ? ಕೆಳಗೆ ಏಣಿ ಹಿಡಿದಿದ್ದ ಅಕ್ಕನ ಮಗಳು ಗೋಡೆಯ ಪಂಚಾಂಗ ನೋಡಿ, "ಮಾಮಾ, ಇದು ಈ ವರ್ಷದ್ದೇ" ಅಂದಳು. ಎಲ್ಲರೂ ನಕ್ಕೆವು. ಆಮೇಲೆ ನನಗೆ ನಗು ನಿಂತಿತು. ತೊಲೆಯನ್ನು ಮಾತ್ರ ಓದಿದರೆ, ಅವಳ ಮಾತು ತಪ್ಪು ಅನ್ನಲು ಅದರಲ್ಲಿ ಏನೂ ಇಲ್ಲ.

ದೊಡ್ಡ ಮಾವನಿಗೆ ಮಾತ್ರ ಸಂಶಯವೇ ಇಲ್ಲ. ಅದು 1846. ಯಾಕೆ ಅಂದರೆ ಹಳೆಯದಾದಷ್ಟು ಚಂದ. ರಿಪೇರಿ ಮುಗಿದ ಮೇಲೆ ಮನೆಯ ದೈವಗಳಿಗೆ ತಂಬಿಲ ಸೇವೆ ಇಟ್ಟುಕೊಳ್ಳುವ ಅಂದಾಜು ಉಂಟು. ಅದರ ಆಮಂತ್ರಣದ ಕಾಗದದಲ್ಲಿ ‘180 ವರ್ಷಗಳಿಂದ ಒಂದೇ ಮನೆ, ಒಂದೇ ಕುಟುಂಬ, ಒಂದೇ ದೀಪ’ ಅಂತ ಹಾಕಿಸಬೇಕಂತೆ.

ನನ್ನ ಪ್ರಶ್ನೆ ಎರಡು. ವರ್ಷ ಯಾವುದು ಅಂತ ಕಂಡುಹಿಡಿಯಲು ದಾರಿ ಉಂಟಾ? ಮತ್ತೆ ಆ ‘ಒಂದೇ’ ಅನ್ನುವ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಇತಿಹಾಸ ಅಂದರೆ ನಡುವೆ ಎಲ್ಲೂ ಕಡಿಯದೆ ಬಂದ ನೂಲು ಅಂತ ಮಾತಾಡುತ್ತೇವೆ. ಆ ನೂಲು ಮೊದಲೇ ಇತ್ತಾ, ಅಥವಾ ನಾವು ಕೂತು ಹೊಸೆದದ್ದಾ? ತತ್ವಶಾಸ್ತ್ರ ಓದಿದವರು ಇಲ್ಲಿ ಇದ್ದೀರಿ. ಸುಲಭದಲ್ಲಿ ಹೇಳಿ.

ಗಣಿತಮೇಷ್ಟ್ರು · ಶನಿವಾರ, ರಾತ್ರಿ 9:40

ಮೊದಲನೆಯದು ಅರ್ಧ ಸುಲಭ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. ವೈಶಾಖ ಅಂದಿದ್ದರಿಂದ ಏಪ್ರಿಲ್–ಮೇ. 1966, 1906, 1846. ಮಾವನಿಗೆ ಇನ್ನೂ ಹುಮ್ಮಸ್ಸು ಇದ್ದರೆ 1786. ತಿಥಿ ಮತ್ತು ವಾರ ಎರಡೂ ಉಳಿದಿದ್ದರೆ ಲೆಕ್ಕ ಮುಗಿದಂತೆಯೇ ಇತ್ತು. ಅದೇ ತಿಥಿ ಅದೇ ವಾರದ ದಿನ ಎಲ್ಲ ಪರಾಭವಗಳಲ್ಲೂ ಬೀಳುವುದಿಲ್ಲ. ಶಾಸನ ಓದುವವರು ಹಾಗೆಯೇ ಮಾಡುತ್ತಾರೆ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಹಳೇ ಪಂಚಾಂಗದ ಕೋಷ್ಟಕಗಳನ್ನು ಬಿಡಿಸಿ, ವಾರ ಹೊಂದುವ ವರ್ಷ ಹುಡುಕುತ್ತಾರೆ. ನಿಮ್ಮ ಗೆದ್ದಲು ಸರಿಯಾಗಿ ಆ ಜಾಗವನ್ನೇ ತಿಂದಿದೆ, ಲೆಕ್ಕ ಗೊತ್ತಿದ್ದ ಗೆದ್ದಲಿನ ಹಾಗೆ.

ಎರಡನೆಯದಕ್ಕೆ ಬರುವ ಮೊದಲು ಒಂದು ಮಾತು. ಇನ್ನು ಯಾರಾದರೂ ಬಂದು ‘ಪಶ್ಚಿಮದವರದ್ದು ಗೆರೆಯ ಕಾಲ, ನಮ್ಮದು ಚಕ್ರದ ಕಾಲ’ ಅಂತ ಹೇಳಿ ಹೋಗುತ್ತಾರೆ. ದಯವಿಟ್ಟು ಬೇಡ. ಮಂಗಳೂರಿನ ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನ ಇದೆ. ಅದರಲ್ಲಿರುವುದು ಕಲಿವರ್ಷ 4068. ಅಂದರೆ ಕ್ರಿ.ಶ. 968. ಕಲಿ ಲೆಕ್ಕ ಕ್ರಿ.ಪೂ. 3102ರಿಂದ ಒಂದೇ ಸಮನೆ ಏರುತ್ತಾ ಹೋಗುತ್ತದೆ. ಶಕ ವರ್ಷ ಕ್ರಿ.ಶ. 78ರಿಂದ ಹಾಗೇ. ಇದಕ್ಕಿಂತ ನೇರ ಗೆರೆ ಬೇಕಾ? ನಮ್ಮವರು ಗೆರೆಯನ್ನೂ ಇಟ್ಟುಕೊಂಡಿದ್ದರು, ಚಕ್ರವನ್ನೂ ಇಟ್ಟುಕೊಂಡಿದ್ದರು. ಎರಡನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು.

ಅಲ್ಲದೆ ಆ ಚಕ್ರವೂ ಸರಿಯಾಗಿ ಕೂಡುವುದಿಲ್ಲ. ಚಂದ್ರನ 12 ತಿಂಗಳು ಅಂದರೆ 354 ದಿನ. ಸೂರ್ಯನಿಗಿಂತ 11 ದಿನ ಕಡಿಮೆ. ಹಾಗಾಗಿ ಎರಡೂವರೆ ವರ್ಷ ದಾಟಿದ ಮೇಲೆ ಒಂದು ಅಧಿಕ ಮಾಸದ ತೇಪೆ ಹಾಕಬೇಕು. ಈ ವರ್ಷವೇ ನೋಡಿ, ಜ್ಯೇಷ್ಠ ಎರಡು ಸಲ. ಉತ್ತರದವರ ಪಂಚಾಂಗದಲ್ಲಿ ಈ ಸಂವತ್ಸರದ ಹೆಸರೇ ಬೇರೆ. ಅವರು ಗುರುಗ್ರಹದ ನಡೆ ನೋಡಿ ನಡುನಡುವೆ ಒಂದು ಹೆಸರು ಹಾರಿಸುತ್ತಾರೆ, ನಾವು ಹಾರಿಸುವುದಿಲ್ಲ. ತೇಪೆ ಇಲ್ಲದ ಚಕ್ರ ನಾನಂತೂ ನೋಡಿಲ್ಲ.

ಜೆಪ್ಪುಹಂಚು · ಶನಿವಾರ, ರಾತ್ರಿ 10:03

ಇಳಿಸಿದ ಹಂಚು ಎಸೆಯಬೇಡಿ. ಮಗುಚಿ ನೋಡಿ, ಅಚ್ಚು ಏನುಂಟು?

ಹಂಚಿನಮನೆ · ಶನಿವಾರ, ರಾತ್ರಿ 10:10

ಬಾಸೆಲ್ ಮಿಷನ್, 1865 ಅಂತ ಇದೆ. ಮಾವ ಅದನ್ನೇ ಹಿಡಿದುಕೊಂಡು ಕುಣಿಯುತ್ತಿದ್ದಾರೆ. 1865ರಲ್ಲೇ ಹಂಚು ಹಾಕಿದ್ದಾರೆ ಅಂದರೆ ತೊಲೆ ಅದಕ್ಕಿಂತ ಮೊದಲಿನದು, ಹಾಗಾಗಿ 1846, ಮುಗಿಯಿತು ಅಂತ.

ಜೆಪ್ಪುಹಂಚು · ಶನಿವಾರ, ರಾತ್ರಿ 10:25

ಮುಗಿಯಲಿಲ್ಲ ಮಾರಾಯ್ರೇ. 1865 ಕಾರ್ಖಾನೆ ಹುಟ್ಟಿದ ವರ್ಷ. ಹಂಚು ಸುಟ್ಟ ವರ್ಷ ಅಲ್ಲ. ಎಷ್ಟೋ ದಶಕ ಅದೇ ಅಚ್ಚು ಒತ್ತಿ ಮಾರಿದ್ದಾರೆ. ಎಷ್ಟು ಜನ ಮನೆಯ ವಯಸ್ಸನ್ನು ಹಂಚಿನಲ್ಲಿ ಓದಿ ಮೋಸ ಹೋಗಿದ್ದಾರೆ ಅಂತ ಲೆಕ್ಕ ಇಲ್ಲ. ಹಂಚು ಹೇಳುವುದು ಇಷ್ಟೇ: ನಾನು 1865ಕ್ಕಿಂತ ಹಿಂದಿನವನಲ್ಲ. ತೊಲೆಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಮೊದಲು ಮುಳಿಹುಲ್ಲು ಹೊದೆಸಿದ ಮಾಡು ಇದ್ದು, ಆಮೇಲೆ ಹಂಚು ಬಂದಿರಬಹುದು. ಅಥವಾ ಬೇರೆ ಯಾವುದೋ ಮನೆ ಕೆಡವಿದಾಗ ತಂದ ಹಳೇ ಹಂಚು ಇರಬಹುದು. ಕರಾವಳಿಯಲ್ಲಿ ಹಂಚು, ಕಂಬ, ಬಾಗಿಲು ಎಲ್ಲ ಮನೆಯಿಂದ ಮನೆಗೆ ತಿರುಗುತ್ತವೆ.

ಕೊಡೆಕಳ್ಳ · ಭಾನುವಾರ, ಬೆಳಿಗ್ಗೆ 7:30

ನಿಮ್ಮ ಅಕ್ಕನ ಮಗಳ ಮಾತಿನಲ್ಲೇ ಒಂದು ದೊಡ್ಡ ತತ್ವದ ಜಗಳ ಅಡಗಿದೆ. ಕೇಂಬ್ರಿಜ್‌ನ ಮೆಕ್‌ಟ್ಯಾಗರ್ಟ್ 1908ರಲ್ಲಿ ಒಂದು ಲೇಖನ ಬರೆದರು. ಕಾಲ ಅನ್ನುವುದೇ ನಿಜವಲ್ಲ ಅನ್ನುವುದು ಅವರ ವಾದ. ಹೇಗೆ ಅಂತ ನಿಮ್ಮ ತೊಲೆಯ ಮೇಲೇ ಹೇಳುತ್ತೇನೆ.

ಕಾಲವನ್ನು ನಾವು ಎರಡು ರೀತಿ ಜೋಡಿಸುತ್ತೇವೆ. ಒಂದು, ‘ಮೊದಲು–ಆಮೇಲೆ’. 1906 ಯಾವಾಗಲೂ 1966ಕ್ಕಿಂತ ಮೊದಲು. ಇವತ್ತೂ ಮೊದಲು, ಸಾವಿರ ವರ್ಷ ಬಿಟ್ಟರೂ ಮೊದಲು. ಈ ಸಾಲು ಅಲ್ಲಾಡುವುದೇ ಇಲ್ಲ, ಸಾರಿಸಿ ಬಿಟ್ಟ ಗೋಡೆಯ ಹಾಗೆ. ಇನ್ನೊಂದು, ‘ಆಗಿಹೋದದ್ದು–ಈಗಿನದು–ಬರುವುದು’. ಇದು ಮಾತ್ರ ಕ್ಷಣಕ್ಷಣಕ್ಕೂ ಜಾರುತ್ತದೆ. ತೊಲೆ ಏರಿಸಿದ ದಿನ ಒಮ್ಮೆ ನಾಳೆಯಾಗಿತ್ತು, ಒಮ್ಮೆ ಇವತ್ತು, ಈಗ ಎಂದೋ.

ಬದಲಾವಣೆ ಇಲ್ಲದೆ ಕಾಲ ಇಲ್ಲ. ಬದಲಾವಣೆ ಇರುವುದು ಎರಡನೇ ಸಾಲಿನಲ್ಲಿ ಮಾತ್ರ. ಆದರೆ ಆ ಸಾಲಿನಲ್ಲಿ ಒಂದೇ ಘಟನೆಗೆ ಮೂರು ಗುಣ ಅಂಟಿಕೊಳ್ಳುತ್ತವೆ. ಅದು ಭೂತವೂ ಹೌದು, ವರ್ತಮಾನವೂ ಹೌದು, ಭವಿಷ್ಯವೂ ಹೌದು. ಒಂದಕ್ಕೊಂದು ಆಗದ ಗುಣಗಳು ಇವು. "ಅಯ್ಯೋ, ಒಂದೇ ಹೊತ್ತಿಗೆ ಅಲ್ವಲ್ಲ, ಬೇರೆಬೇರೆ ಹೊತ್ತಿಗೆ" ಅಂತ ನೀವು ಹೇಳುತ್ತೀರಿ. ಅಲ್ಲೇ ಅವರು ಕೈ ಹಿಡಿಯುತ್ತಾರೆ. ‘ಬೇರೆಬೇರೆ ಹೊತ್ತು’ ಅಂದಾಗ ನೀವು ಸಾಬೀತು ಮಾಡಬೇಕಾದ ಕಾಲವನ್ನೇ ಹಿಂಬಾಗಿಲಿನಿಂದ ಒಳಗೆ ತಂದಿರಿ.

ನಾನು ಇದನ್ನು ಪೂರ್ತಿ ಒಪ್ಪುವವನಲ್ಲ. ಆದರೆ ಎಲ್ಲಿ ತಪ್ಪಿದೆ ಅಂತ ತೋರಿಸಲು ಹೋದವರು ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ನಿಮ್ಮ ತೊಲೆಯಲ್ಲಿ ಇರುವುದೂ ಇದೇ ತಾಪತ್ರಯ. ಕೆತ್ತಿದವನಿಗೆ ‘ಪರಾಭವ’ ಅಂದರೆ ‘ಈಗ’. ಅವನು ಈಗ ಅಂತ ಕೆತ್ತಿದ. ಓದಿದವಳೂ ಈಗ ಅಂತಲೇ ಓದಿದಳು.

ಬಂಗುಡೆಫ್ರೈ · ಭಾನುವಾರ, ಬೆಳಿಗ್ಗೆ 8:02

ಭಾನುವಾರ ಬೆಳಿಗ್ಗೆ ಕಾಲ ಸುಳ್ಳು ಅಂತ ಗೊತ್ತಾಯಿತು. ಸೋಮವಾರವೂ ಸುಳ್ಳು ಅಂತ ಬರೆದುಕೊಡಿ, ಆಫೀಸಿನಲ್ಲಿ ತೋರಿಸುತ್ತೇನೆ.

ಕದ್ರಿಗುಡ್ಡೆ · ಭಾನುವಾರ, ಬೆಳಿಗ್ಗೆ 9:15

1908ಕ್ಕೆ ಯಾಕೆ ಕಾಯಬೇಕು. ಬೌದ್ಧ ತತ್ವಜ್ಞಾನಿ ನಾಗಾರ್ಜುನನ ಮೂಲಮಧ್ಯಮಕಕಾರಿಕೆಯ 19ನೇ ಪ್ರಕರಣ ಕಾಲದ ಮೇಲೆಯೇ ಇದೆ. ಬರೀ 6 ಶ್ಲೋಕ. ಈಗಿನದು ಮತ್ತು ಮುಂದಿನದು ಹಿಂದಿನದನ್ನು ನೆಚ್ಚಿಕೊಂಡಿವೆ ಅನ್ನುವುದಾದರೆ, ಅವು ಹಿಂದೆಯೇ ಇರಬೇಕಾಗುತ್ತದೆ. ಅಲ್ಲಿ ಇಲ್ಲದಿದ್ದರೆ ನೆಚ್ಚಿಕೊಳ್ಳುವುದು ಹೇಗೆ? ನೆಚ್ಚಿಕೊಂಡಿಲ್ಲ ಅಂದರೆ ಅವುಗಳನ್ನು ‘ಈಗ’, ‘ಮುಂದೆ’ ಅಂತ ಕರೆಯುವುದಾದರೂ ಯಾವುದಕ್ಕೆ ಹೋಲಿಸಿ?

ನನಗೆ ಇದು ಅರ್ಥವಾದದ್ದು ಮನೆಯಲ್ಲಿ. ತಮ್ಮ ಹುಟ್ಟುವ ತನಕ ನಾನು ಅಣ್ಣ ಆಗಿರಲಿಲ್ಲ. ನಾಲ್ಕು ವರ್ಷ ಮೊದಲು ಹುಟ್ಟಿದ್ದು ನಿಜ. ಆದರೆ ಅಣ್ಣತನ ಬಂದದ್ದು ಅವನ ಜೊತೆ. ಹಾಗೆಯೇ ‘ಹಿಂದಿನದು’ ಅನ್ನುವುದು ಹಿಂದೆ ಕೂತು ನಮ್ಮನ್ನು ಕಾಯುತ್ತಿರಲಿಲ್ಲ. ನಾವು ಬಂದ ಮೇಲೆ ಅದು ಹಿಂದಿನದಾಯಿತು. ಮಾವ 1846 ಅನ್ನುವಾಗ ಅವರು ಹಿಂದಿನದನ್ನು ಕಂಡುಹಿಡಿಯುತ್ತಿಲ್ಲ, ಅದಕ್ಕೆ ಅಣ್ಣತನ ಕೊಡುತ್ತಿದ್ದಾರೆ.

ಮೇಷ್ಟ್ರು ಕದ್ರಿಯ ಮೂರ್ತಿಯನ್ನು ಎತ್ತಿದ್ದು ಒಳ್ಳೆಯದಾಯಿತು. ಆ ಶಾಸನದಲ್ಲಿ ಜಾಗದ ಹೆಸರು ಕದರಿಕಾ ವಿಹಾರ. ಮೂರ್ತಿಯ ಹೆಸರು ಲೋಕೇಶ್ವರ. ಇವತ್ತು ಅದು ಮಂಜುನಾಥನ ದೇವಸ್ಥಾನ. ನಾಥಪಂಥದ ಮಠವೂ ಪಕ್ಕದಲ್ಲೇ. ವಿಹಾರ ಅಂದರೆ ಬೌದ್ಧರದ್ದಾ, ಆಗಲೇ ಶೈವರ ಜೊತೆ ಬೆರೆತಿತ್ತಾ ಅಂತ ವಿದ್ವಾಂಸರು ಇನ್ನೂ ಎಳೆದಾಡುತ್ತಾರೆ. ಪೂಜೆ ನಿಂತಿಲ್ಲ ಅಂದರೆ ನೂಲು ಕಡಿದಿಲ್ಲ ಅನ್ನಬಹುದು. ಯಾರಿಗೆ ಪೂಜೆ ಅಂತ ಕೇಳಿದರೆ ನೂಲೇ ಬೇರೆ.

ರಥಬೀದಿ · ಭಾನುವಾರ, ಬೆಳಿಗ್ಗೆ 11:48

ಉಡುಪಿಯಲ್ಲಿ ಕೂತು ಕಾಲವೇ ಇಲ್ಲ ಅನ್ನುವವರಿಗೆ ಇಲ್ಲಿನದ್ದೇ ಉತ್ತರ ಇದೆ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಕಾಲವನ್ನು ನಿಜ ಅಂತ ಒಪ್ಪಿದವರು. ತತ್ತ್ವಸಂಖ್ಯಾನದಲ್ಲಿ ಅವರು ಕಾಲವನ್ನು ‘ನಿತ್ಯಾನಿತ್ಯ’ ಅನ್ನುವ ಗುಂಪಿನಲ್ಲಿ ಇಡುತ್ತಾರೆ. ಜೊತೆಗೆ ಇರುವುದು ಪುರಾಣಗಳು ಮತ್ತು ಪ್ರಕೃತಿ. ಹರಿವಿಗೆ ಕೊನೆ ಇಲ್ಲ, ಹರಿಯುವ ತುಣುಕುಗಳು ಬಂದು ಹೋಗುತ್ತವೆ. ನಿತ್ಯವೂ ಹೌದು, ಅನಿತ್ಯವೂ ಹೌದು.

ಅದು ಗೊತ್ತಾಗುವುದು ಹೇಗೆ? ಲೆಕ್ಕದಿಂದಲ್ಲ, ಊಹೆಯಿಂದಲೂ ಅಲ್ಲ. ಸಾಕ್ಷಿಯಿಂದ, ಅಂದರೆ ಒಳಗೆ ಎಚ್ಚರವಾಗಿರುವ ಅರಿವಿನಿಂದ ನೇರವಾಗಿ. ಗಾಢ ನಿದ್ದೆಯಿಂದ ಎದ್ದವನು "ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ" ಅನ್ನುತ್ತಾನೆ. ಕಣ್ಣು ಮುಚ್ಚಿತ್ತು, ಮನಸ್ಸು ಕೆಲಸ ಮಾಡುತ್ತಿರಲಿಲ್ಲ. ಮತ್ತೆ ಆ ‘ಇಷ್ಟು ಹೊತ್ತು’ ಯಾರಿಗೆ ಗೊತ್ತಾಯಿತು? ಮೆಕ್‌ಟ್ಯಾಗರ್ಟ್ ಎಷ್ಟೇ ವಾದ ಮಾಡಲಿ, ಮಧ್ಯಾಹ್ನ ಮಲಗಿ ಎದ್ದವನ ಬಾಯಿ ಮುಚ್ಚಿಸಲು ಆಗುವುದಿಲ್ಲ.

ಇನ್ನು ಚಕ್ರ–ಗೆರೆಯ ವಿಷಯ. ಉಡುಪಿ ಕೃಷ್ಣನ ಪೂಜೆ ಮಠದಿಂದ ಮಠಕ್ಕೆ ಸರದಿಯಲ್ಲಿ ಹೋಗುವ ಪರ್ಯಾಯ ನೋಡಿ. ವಾದಿರಾಜರು 1522ರಲ್ಲಿ ಎರಡು ತಿಂಗಳ ಸರದಿಯನ್ನು ಎರಡು ವರ್ಷ ಮಾಡಿದರು. ಎಂಟು ಮಠ, 16 ವರ್ಷಕ್ಕೆ ಒಂದು ಸುತ್ತು. ಈ ಜನವರಿ 18ಕ್ಕೆ ಶೀರೂರಿನ ಸರದಿ ಬಂತು. ಸುತ್ತು ಅದೇ. ಆದರೆ ಪೀಠದಲ್ಲಿ ಕೂತವರು ಬೇರೆ, ಕೆಳಗೆ ನಿಂತು ನೋಡಿದವರೂ ಬೇರೆ. ಹೋದ ಸಲ ಶೀರೂರು ಪರ್ಯಾಯಕ್ಕೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಪ್ಪ ಈ ಸಲ ಇಲ್ಲ. ಚಕ್ರ ತಿರುಗಿದಾಗಲೇ ಏನು ಹೋಯಿತು ಅಂತ ಗೊತ್ತಾಗುವುದು.

ಗಣಿತಮೇಷ್ಟ್ರು · ಭಾನುವಾರ, ಮಧ್ಯಾಹ್ನ 12:20

ಚೆನ್ನಾಗಿ ಹೇಳಿದಿರಿ. ಒಂದು ಕೊಂಕು ಮಾತ್ರ. ಕಾಲ ನಿಜ ಅಂದ ಆಚಾರ್ಯರ ಹುಟ್ಟಿದ ವರ್ಷವೇ 1199ಓ 1238ಓ ಅಂತ ಇವತ್ತಿಗೂ ಎರಡು ಪಕ್ಷ. ಅವರದೇ ಗ್ರಂಥದ ಕಲಿವರ್ಷದ ಮಾತು ಹಿಡಿದರೆ ಒಂದು, ಅವರ ಶಿಷ್ಯ ನರಹರಿ ತೀರ್ಥರ ಶ್ರೀಕೂರ್ಮದ (ಆಂಧ್ರ) ಶಾಸನ ಹಿಡಿದರೆ ಇನ್ನೊಂದು.

ರಥಬೀದಿ · ಭಾನುವಾರ, ಮಧ್ಯಾಹ್ನ 12:31

ನಿದ್ದೆ ಮಾಡಿದ್ದು ನಿಜ, ಎಷ್ಟು ಗಂಟೆಗೆ ಮಲಗಿದ ಅನ್ನುವುದು ಬೇರೆ ಪ್ರಶ್ನೆ, ಮೇಷ್ಟ್ರೇ.

ಗಣಿತಮೇಷ್ಟ್ರು · ಭಾನುವಾರ, ಮಧ್ಯಾಹ್ನ 12:44

ಅಂದ ಹಾಗೆ ನೀವು ಬರೆದ ಹೊತ್ತು 12:31. ನಮ್ಮೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಆ ಹೊತ್ತಿಗೇ, 12 ಗಂಟೆಗಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ನಾವಿರುವುದು 74.8ರ ಆಸುಪಾಸು. ಒಂದು ಡಿಗ್ರಿಗೆ 4 ನಿಮಿಷದ ಹಾಗೆ ಅರ್ಧ ಗಂಟೆ ವ್ಯತ್ಯಾಸ. ಈ ಗಡಿಯಾರ ಜಾರಿಗೆ ಬಂದದ್ದು 1906ರ ಜನವರಿ 1ಕ್ಕೆ. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. ನಿಮ್ಮ ತೊಲೆ 1906ರದ್ದಾದರೆ, ಆಚಾರಿ ತೊಲೆ ಏರಿಸಿದ ಮುಹೂರ್ತ ಬಾರ್ಕೂರಿನ ಸೂರ್ಯನದ್ದು, ಕಚೇರಿಯ ಗಡಿಯಾರ ಮಿರ್ಜಾಪುರದ ಕಡೆಯ ಸೂರ್ಯನದ್ದು. ಎರಡೂ ‘ಈಗ’.

ಕೊಡೆಕಳ್ಳ · ಭಾನುವಾರ, ಮಧ್ಯಾಹ್ನ 2:05

ಇದನ್ನೇ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಖಾಲಿ ಕಾಲ ಅಂದದ್ದು. ಎಲ್ಲ ಕಡೆ ಒಂದೇ ಅಳತೆಯ, ಏನೂ ತುಂಬದ ಡಬ್ಬಿಗಳ ಸಾಲು. ಒಂದೊಂದರಲ್ಲಿ ಒಂದೊಂದು ಘಟನೆ ಹಾಕುತ್ತಾ ಹೋಗುವುದು. ಜಪಮಣಿ ಎಣಿಸಿದ ಹಾಗೆ ಘಟನೆ ಎಣಿಸುವ ಇತಿಹಾಸಕಾರನನ್ನು ಅವರು ಒಪ್ಪಲಿಲ್ಲ. ನಾಜಿಗಳಿಂದ ಓಡುತ್ತಿದ್ದಾಗ, 1940ರಲ್ಲಿ ಬರೆದದ್ದು. ಅದೇ ವರ್ಷ ಸ್ಪೇನಿನ ಗಡಿಯಲ್ಲಿ ತೀರಿಕೊಂಡರು. ಪೌಲ್ ಕ್ಲೇ 1920ರಲ್ಲಿ ಬರೆದ ಒಂದು ದೇವದೂತನ ಚಿತ್ರ ಅವರ ಹತ್ತಿರ ಇತ್ತು. ಆ ದೂತನ ಮುಖ ಹಿಂದಕ್ಕೆ. ನಾವು ಸಾಲುಸಾಲು ಘಟನೆ ಕಾಣುವಲ್ಲಿ ಅವನಿಗೆ ಕಾಣುವುದು ಒಂದೇ ಅವಶೇಷದ ರಾಶಿ. ನಿಂತು ಜೋಡಿಸೋಣ ಅಂದರೆ ಬಿರುಗಾಳಿ ಬೆನ್ನು ಮುಂದೆ ಮಾಡಿ ತಳ್ಳುತ್ತಿದೆ. ಆ ಗಾಳಿಗೆ ಪ್ರಗತಿ ಅಂತ ಹೆಸರು.

ಬೆಂಜಮಿನ್ ಹೇಳಿದ್ದರಲ್ಲಿ ನನಗೆ ಮುಖ್ಯ ಅನಿಸುವುದು ಇದು. ಕಡಿಯದ ಸಾಲಾಗಿ ಇತಿಹಾಸ ಹೇಳುವವರು ಸಾಮಾನ್ಯವಾಗಿ ಗೆದ್ದವರ ಜೊತೆ ನಿಂತಿರುತ್ತಾರೆ.

ಕವರು · ಭಾನುವಾರ, ಸಂಜೆ 6:30

ಎಲ್ಲರೂ ಜರ್ಮನಿ, ಕೇಂಬ್ರಿಜ್ ಸುತ್ತಿ ಬಂದಿರಿ. ಬಾರ್ಕೂರಿನಲ್ಲೇ ನಿಲ್ಲಿ ಸ್ವಲ್ಪ.

ಇದು ಅಮ್ಮನ ಕಡೆಯ ಮನೆ ಅಂದಿರಿ. ಅಳಿಯಸಂತಾನದ ಮನೆ ಅಲ್ವಾ? ಹಾಗಾದರೆ ಮಾವ ‘ನಮ್ಮ ಅಪ್ಪ, ಅಜ್ಜ, ಮುತ್ತಜ್ಜ ಕಟ್ಟಿಸಿದ್ದು’ ಅಂತ ಹೇಳುತ್ತಿದ್ದಾರಾ ಕೇಳಿ ನೋಡಿ.

ಹಂಚಿನಮನೆ · ಭಾನುವಾರ, ಸಂಜೆ 6:41

ಅಕ್ಷರಶಃ ಹಾಗೇ ಹೇಳಿದ್ದಾರೆ! ನಿಮಗೆ ಹೇಗೆ ಗೊತ್ತಾಯಿತು?

ಕವರು · ಭಾನುವಾರ, ರಾತ್ರಿ 8:15

ಎಲ್ಲ ಮನೆಯಲ್ಲೂ ಹಾಗೇ ಹೇಳುತ್ತಾರೆ. ನಾನು ಆಸ್ತಿ ಪಾಲಿನ ಕಾಗದ ಓದುವ ಕೆಲಸದಲ್ಲಿ ಇದ್ದೇನೆ. ದಿನಾ ಇದೇ ನೋಡುವುದು.

ಅಳಿಯಸಂತಾನದಲ್ಲಿ ಮನೆ ಅಪ್ಪನಿಂದ ಮಗನಿಗೆ ಹೋಗುವುದಿಲ್ಲ. ಯಜಮಾನಿಕೆ ಮಾವನಿಂದ ಅಳಿಯನಿಗೆ. ಆದರೆ ಆ ಅಳಿಯ ಮಾವನ ಮಗ ಅಲ್ಲ, ಮಾವನ ಅಕ್ಕನದ್ದೋ ತಂಗಿಯದ್ದೋ ಮಗ. ಕಾಗದದ ಮೇಲೆ ಬರೆದರೆ ಗೆರೆ ನೇರ ಇಳಿಯುವುದಿಲ್ಲ. ಒಂದು ಸಲ ಪಕ್ಕಕ್ಕೆ ಹೋಗಿ, ಅಲ್ಲಿಂದ ಕೆಳಗೆ ಇಳಿದು, ಮತ್ತೆ ಪಕ್ಕಕ್ಕೆ. ಹಾವು ಹರಿದ ಹಾಗೆ. ನಿಜವಾಗಿ ನೇರ ಇಳಿಯುವ ಗೆರೆ ಇರುವುದು ಹೆಂಗಸರದ್ದು. ಅಮ್ಮ, ಮಗಳು, ಮೊಮ್ಮಗಳು. ಒಬ್ಬ ಹೆಂಗಸು ಮತ್ತು ಅವಳ ಹೆಣ್ಣು ಸಂತತಿಯ ಮೂಲಕ ಬಂದವರೆಲ್ಲ ಸೇರಿ ಒಂದು ಕವರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟದ್ದು ಕವರಿಗೆ.

ಆದರೆ ಹಳೇ ಕಾಗದಗಳಲ್ಲಿ ಹೆಸರು ಯಾರದ್ದು? ಜಾಸ್ತಿ ಗಂಡಸರದ್ದೇ. ಯಜಮಾನನ ಹೆಸರಲ್ಲಿ ತೀರ್ವೆ ಕಟ್ಟಿದ್ದು, ಅವನ ಹೆಸರಲ್ಲಿ ವ್ಯಾಜ್ಯ. ಮನೆ ಯಾರ ಮೂಲಕ ಹರಿದು ಬಂತೋ ಅವರ ಹೆಸರು ಎಷ್ಟೋ ಕಡೆ ಒಂದೂ ಇಲ್ಲ. ನಾನು ಒಂದು ಮನೆಯ ಐದು ತಲೆಮಾರಿನ ಕಾಗದ ಓದಿದೆ. ಗಂಡಸರು ಒಂಬತ್ತು ಜನ. ಹೆಂಗಸರಲ್ಲಿ ಹೆಸರಿದ್ದವರು ಇಬ್ಬರು. ಉಳಿದವರು ‘ಸದರಿಯವರ ತಂಗಿ’. ಒಂಬತ್ತು ಗಂಡಸರನ್ನು ಒಂದು ಕುಟುಂಬ ಅಂತ ಕಟ್ಟಿ ಹಿಡಿದದ್ದು ಆ ಹೆಸರಿಲ್ಲದ ತಂಗಿಯರು.

ಈಗ ಕಾಲ ಬದಲಾಯಿತು, ಕಾನೂನು ಬದಲಾಯಿತು. ಮಾವ ತನಗೆ ಗೊತ್ತಿಲ್ಲದೆಯೇ ಮಕ್ಕಳಕಟ್ಟಿನ, ಅಂದರೆ ಅಪ್ಪನಿಂದ ಮಗನಿಗೆ ಹೋಗುವ ಕ್ರಮದ ಕಣ್ಣಿನಿಂದ ಅಳಿಯಕಟ್ಟಿನ ಮನೆಯನ್ನು ಹಿಂದಕ್ಕೆ ಓದುತ್ತಿದ್ದಾರೆ. ಹಾಗೆ ಓದಿದಾಗ 180 ವರ್ಷದ ಒಂದೇ ನೇರ ಗೆರೆ ಬರುತ್ತದೆ. ಅದು ಸುಳ್ಳು ಗೆರೆ. ಮನೆ ಉಂಟು, ಜನ ಇದ್ದರು, ಎಲ್ಲ ನಿಜ. ಗೆರೆ ಎಳೆದ ಜಾಗ ಮಾತ್ರ ತಪ್ಪು.

ಫ್ರೆಂಚ್ ಚಿಂತಕ ಫೂಕೋ 1971ರಲ್ಲಿ ನೀಷೆಯ ಬಗ್ಗೆ ಬರೆದ ಲೇಖನದಲ್ಲಿ ಇಂಥದ್ದೇ ಮಾತು ಬರುತ್ತದೆ. ಮೂಲ ಹುಡುಕಿ ಹೋದರೆ ಅಲ್ಲಿ ಶುದ್ಧವಾದ ಒಂದು ಬೀಜ ಸಿಗುವುದಿಲ್ಲ. ಬೇರೆಬೇರೆ ಕಡೆಯಿಂದ ಬಂದು ಗುಡ್ಡೆಯಾದ ಸಂಗತಿಗಳು ಸಿಗುತ್ತವೆ. ಅಳಿಯಕಟ್ಟಿನ ಮೂಲ ಕೇಳಿದರೂ ನಮಗೆ ಬಾರ್ಕೂರಿನ ಭೂತಾಳ ಪಾಂಡ್ಯನ ಕತೆ ಸಿಗುತ್ತದೆ. ಕುಂಡೋದರ ಭೂತ ಬಲಿ ಕೇಳಿತು, ಹೆಂಡತಿ ಮಕ್ಕಳನ್ನು ಕೊಡಲಿಲ್ಲ, ತಂಗಿ ಮಗನನ್ನು ಕೊಡಲು ಬಂದಳು, ಹಾಗಾಗಿ ಆಸ್ತಿ ಅಳಿಯನಿಗೆ. ಕತೆ ಚಂದ. ಆದರೆ ಒಂದು ಕಟ್ಟು ಒಂದೇ ದಿನ ಒಬ್ಬ ದೊರೆಯ ಬಾಯಿಂದ ಹುಟ್ಟುವುದಿಲ್ಲ.

ನಿಮ್ಮ ಅಕ್ಕನ ಮಗಳು ಏಣಿ ಹಿಡಿದು ಕೆಳಗೆ ನಿಂತಿದ್ದಳು ಅಂದಿರಿ. ಹಳೇ ಲೆಕ್ಕದಲ್ಲಿ ಆ ಮನೆಯ ಗೆರೆ ಅವಳೇ.

ಜೆಪ್ಪುಹಂಚು · ಭಾನುವಾರ, ರಾತ್ರಿ 8:50

ಇದು ದೇವಸ್ಥಾನಗಳಿಗೂ ಹೊಂದುತ್ತದೆ. ದಾರಿಯ ಮೇಲೆ ಬೋರ್ಡ್ ನೋಡಿ, ‘800 ವರ್ಷಗಳ ಇತಿಹಾಸವಿರುವ’. ಒಳಗೆ ಹೋದರೆ ಕಾರ್ಕಳದ ಹೊಸ ಕಲ್ಲು, ಹೊಸ ಮರ, ಹೊಸ ತಾಮ್ರದ ಮಾಡು. ಹಳೇ ಕಲ್ಲು ಹಿಂದೆ ತೋಟದಲ್ಲಿ ಬಟ್ಟೆ ಒಗೆಯಲು. ನಾನು ಬೈಯುತ್ತಿಲ್ಲ. ಜೀರ್ಣವಾದದ್ದನ್ನು ಹೊಸತು ಮಾಡಿ ಬ್ರಹ್ಮಕಲಶ ಮಾಡುವುದೇ ಇಲ್ಲಿನ ಕ್ರಮ. ಕ್ರಮ ಉಳಿದರೆ ಸಾಕು, ಕಲ್ಲು ಉಳಿಯಬೇಕಿಲ್ಲ ಅನ್ನುವವರಿಗೆ ಅದು ನಿಜವಾದ ಮುಂದುವರಿಕೆ. ಆದರೆ ಹಾಗೆ ಬರೆಯಿರಿ. 800 ಅಂತ ಬರೆದು ಹೊಸ ಕಲ್ಲು ತೋರಿಸಬೇಡಿ.

ಗೇಣಿಚೀಟಿ · ಭಾನುವಾರ, ರಾತ್ರಿ 10:30

ಎರಡು ದಿನದಿಂದ ಓದುತ್ತಿದ್ದೇನೆ. ನಿಮಗೆಲ್ಲ ‘ಕಡಿಯದ ನೂಲು’ ಅಂದರೆ ಅಹಂಕಾರದ ವಿಷಯ. ನಮ್ಮ ಮನೆಯಲ್ಲಿ ಅದು ಅನ್ನದ ವಿಷಯವಾಗಿತ್ತು.

ನಮ್ಮ ಅಜ್ಜ ಒಕ್ಕಲು. ಉಳುವವನಿಗೇ ಭೂಮಿ ಅನ್ನುವ ಭೂ ಮಸೂದೆ ಬಂದಾಗ ನಮೂನೆ 7ರಲ್ಲಿ ಅರ್ಜಿ ಹಾಕಿದರು. 1974ರ ಮಾರ್ಚ್ 1ಕ್ಕೆ ಮುಂಚೆ ಆ ಗದ್ದೆ ಮಾಡುತ್ತಿದ್ದದ್ದು ತಾವೇ ಅಂತ ತೋರಿಸಬೇಕು. ತಲೆಮಾರಿನಿಂದ ಅದೇ ಗದ್ದೆ. ಆದರೆ ತೋರಿಸುವುದು ಏನನ್ನು? ಗೇಣಿ ಅಕ್ಕಿ ಅಳೆದುಕೊಟ್ಟದ್ದಕ್ಕೆ ಚೀಟಿ ಕೊಟ್ಟ ವರ್ಷ ಕಡಿಮೆ, ಕೊಡದ ವರ್ಷ ಜಾಸ್ತಿ. ಅಜ್ಜಿ ಅಡುಗೆಮನೆಯ ಅಟ್ಟದಲ್ಲಿ ಬಿದಿರಿನ ಕೊಳವೆಯೊಳಗೆ ಚೀಟಿ ಸುತ್ತಿ ಇಟ್ಟಿದ್ದರು. ಹೊಗೆಗೆ ಕಂದು ಬಣ್ಣ. ನಾಲ್ಕು ಚೀಟಿ ಓದಲು ಬರುತ್ತಿತ್ತು. ಆ ನಾಲ್ಕು ಚೀಟಿಯ ನಡುವಿನ ಖಾಲಿ ವರ್ಷಗಳಲ್ಲೂ ನಾವು ಅಲ್ಲೇ ಇದ್ದೆವು ಅಂತ ನೆರೆಮನೆಯವರು ಬಂದು ಹೇಳಬೇಕಾಯಿತು. ಗದ್ದೆ ಸಿಕ್ಕಿತು. ನೂಲು ನಾವು ಹೊಸೆದದ್ದು ಹೌದು. ಹೊಸೆಯದಿದ್ದರೆ ಬೀದಿಯಲ್ಲಿ ಇರುತ್ತಿದ್ದೆವು.

ಇನ್ನೊಂದು. ಚಕ್ರದ ಕಾಲವನ್ನು ಹಾಡಿ ಹೊಗಳುವವರಿಗೆ. ಪ್ರತಿ ವರ್ಷ ಅದೇ ದಿನ, ಅದೇ ಕೆಲಸ, ಅದೇ ಜನ ಅನ್ನುವುದು ಎಲ್ಲರಿಗೂ ಹಬ್ಬ ಆಗಿರಲಿಲ್ಲ. ಕೊರಗ ಸಮುದಾಯದವರಿಂದ ಅವಮಾನದ ಕೆಲಸ ಮಾಡಿಸುವ ಅಜಲು ಪದ್ಧತಿಯೂ ‘ಮೊದಲಿನಿಂದ ಬಂದದ್ದು’ ಅಂತಲೇ ನಡೆಯುತ್ತಿತ್ತು. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನು ಬೇಕಾಯಿತು. ಕೆಲವರಿಗೆ ಗೆರೆ ಬೇಕು, ಮುಂದೆ ಹೋಗುವ ಗೆರೆ. ಅವರು ಇನ್ನೂ ಹೊರಡುವ ಮೊದಲೇ ‘ಪ್ರಗತಿ ಅಂತ ಏನೂ ಇಲ್ಲ’ ಅಂತ ನೀವು ಬಾಗಿಲು ಹಾಕಬೇಡಿ.

ಕೊಡೆಕಳ್ಳ · ಭಾನುವಾರ, ರಾತ್ರಿ 10:55

ಒಪ್ಪಿದೆ. ನಾನು ಮೇಲೆ ಕಡಿಯದ ಸಾಲು ಗೆದ್ದವರದ್ದು ಅಂತ ಬರೆದದ್ದು ಅರ್ಧ ತಪ್ಪು. ನಿಮ್ಮ ಅಜ್ಜಿಯ ಕೊಳವೆ ಅದಕ್ಕೆ ಉತ್ತರ. ಬೆಂಜಮಿನ್ ಕೂಡ ನಿಮ್ಮ ಕಡೆಗೇ ಬರುತ್ತಿದ್ದರು ಅಂತ ಕಾಣುತ್ತದೆ. ಸೋತವರ ಚೂರುಗಳನ್ನು ಹೆಕ್ಕಿ ಹಿಡಿಯುವುದೇ ಅವರ ಕೆಲಸವಾಗಿತ್ತು.

ಕವರು · ಭಾನುವಾರ, ರಾತ್ರಿ 11:02

ನಾಲ್ಕು ಚೀಟಿ ಇಟ್ಟಿದ್ದು ಅಜ್ಜಿ. ಅರ್ಜಿಯಲ್ಲಿ ಹೆಸರು ಅಜ್ಜನದ್ದು. ಹೌದಾ?

ಗೇಣಿಚೀಟಿ · ಭಾನುವಾರ, ರಾತ್ರಿ 11:09

ಹೌದು.

ಮಲ್ಪೆಬೋಟ್ · ಸೋಮವಾರ, ಬೆಳಿಗ್ಗೆ 6:20

60 ವರ್ಷದ ಜಗಳ ಓದಿ ನಗು ಬಂತು. ನಾವು ದಿನಾ ದಾಟುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು 8.8 ಕೋಟಿ ವರ್ಷ ಹಳೆಯದಂತೆ. ಮಡಗಾಸ್ಕರ್ ಬೇರೆಯಾದ ಹೊತ್ತಿನ ಲಾವಾ. ಪ್ರವಾಸಿಗರಿಗೆ ಅದು ಬೇಡ. 1498ರಲ್ಲಿ ವಾಸ್ಕೋ ಡ ಗಾಮ ಬಂದಿದ್ದನಂತೆ, ಅದನ್ನು ಹೇಳಿ ಅಂತಾರೆ. ಅದೂ ಬೇಡ, ಕೊನೇ ಬೋಟ್ ಎಷ್ಟು ಗಂಟೆಗೆ ಅಂತಾರೆ.

ಹಂಚಿನಮನೆ · ಮುಂದಿನ ಶುಕ್ರವಾರ, ರಾತ್ರಿ 9:30

ತಡವಾಯಿತು, ಕ್ಷಮಿಸಿ. ಏನಾಯಿತು ಅಂತ ಹೇಳಿಬಿಡುತ್ತೇನೆ.

ಆಚಾರಿಯನ್ನು ಕರೆದು ತೊಲೆ ತೋರಿಸಿದೆ. ಹಲಸಿನ ಮರ ಅಂದರು. ಬಾಚಿಯಲ್ಲಿ ಕೆತ್ತಿದ ಗುರುತು ಉದ್ದಕ್ಕೂ ಇದೆ, ಮಿಲ್ಲಿನ ಗರಗಸದ್ದಲ್ಲ. ಹಾಗಾಗಿ 1966 ಇರಲಿಕ್ಕಿಲ್ಲ ಅಂದರು. ಮರುಗಳಿಗೆಗೆ, ನಮ್ಮ ಅಪ್ಪ ಆಗಲೂ ಬಾಚಿಯಲ್ಲೇ ಕೆತ್ತುತ್ತಿದ್ದರು ಅಂತ ಸೇರಿಸಿದರು. ಒಂದು ತುದಿಯಲ್ಲಿ ಇನ್ನೊಂದು ಮರ ಕೂರಿಸಲು ಕೊರೆದ ಹಳೇ ಕೂಡುಗಂಡಿ ಖಾಲಿ ಬಿದ್ದಿದೆ. ಅಂದರೆ ಈ ತೊಲೆ ನಮ್ಮ ಮನೆಗೆ ಬರುವ ಮೊದಲು ಬೇರೆ ಎಲ್ಲೋ ಇತ್ತು. ಪರಾಭವ ಆ ಮನೆಯದ್ದೋ ಈ ಮನೆಯದ್ದೋ ದೇವರೇ ಬಲ್ಲ. ಮಾವ ಅರ್ಧ ದಿನ ಮಾತಾಡಲಿಲ್ಲ. ಆಮೇಲೆ ಕಾಗದದಿಂದ 180 ತೆಗೆಸಿದರು. ‘ಒಂದೇ ದೀಪ’ ಮಾತ್ರ ಬಿಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅಜ್ಜಿಯರ ಹೆಸರು ಎಷ್ಟು ಗೊತ್ತು ಅಂತ ಅಮ್ಮನನ್ನು ಕೇಳಿದೆ. ಮೂರು ಹೇಳಿದರು. ನಾಲ್ಕನೆಯವರನ್ನು ಎಲ್ಲರೂ ಅಕ್ಕು ಅಂತ ಕರೆಯುತ್ತಿದ್ದರಂತೆ, ಹೆಸರು ಯಾರಿಗೂ ನೆನಪಿಲ್ಲ.

ಹಳೇ ತೊಲೆಯ ಗಟ್ಟಿ ಭಾಗವನ್ನು ಅಕ್ಷರ ಕಾಣುವ ಹಾಗೆ ಚಾವಡಿಯ ಬೆಂಚು ಮಾಡಿಸುತ್ತಿದ್ದೇವೆ. ಹೊಸ ತೊಲೆ ನಿನ್ನೆ ಏರಿತು. ಏರಿಸುವ ಮೊದಲು, ಏನು ಕೆತ್ತಲಿ ಅಂತ ಆಚಾರಿ ಕೇಳಿದರು. ಮಾವ ನನ್ನ ಮುಖ ನೋಡಿದರು, ನಾನು ಅಕ್ಕನ ಮಗಳ ಮುಖ ನೋಡಿದೆ. ಅವಳು ಚಾಕ್‌ಪೀಸ್ ತಗೊಂಡು ಮರದ ಮೇಲೆ ದೊಡ್ಡದಾಗಿ ‘ಪರಾಭವ ಸಂ|| ವೈಶಾಖ ಬಹುಳ, ಗುರುವಾರ’ ಅಂತ ಬರೆದಳು. ಇಸವಿ ಹಾಕು ಅಂದೆ. ಬೇಡ ಅಂದಳು. ಮತ್ತೆ ಇನ್ನೊಂದು ತುದಿಗೆ ಹೋಗಿ, ಗೆದ್ದಲಿಗೆ ಒಂದು ಇರಲಿ ಅಂತ ಹೇಳಿ, ಇನ್ನೊಂದು ಸಲ ‘ಗುರುವಾರ’ ಅಂತ ಬರೆದಳು.

ಗಣಿತಮೇಷ್ಟ್ರು · ಮುಂದಿನ ಶುಕ್ರವಾರ, ರಾತ್ರಿ 9:52

ತಿಥಿ ಹಾಕಲಿಲ್ವಾ?